ಸೀಟು ಸಿಕ್ಕ ಮೇಲಿನ ಓದು: ಚಿತ್ರದುರ್ಗ ಜಿಲ್ಲೆಯ ವಿಕಲಚೇತನ ಪದವಿ ವಿದ್ಯಾರ್ಥಿಗಳ ಮನವಿ ಪತ್ರ

ಇವರಿಗೆ,
ರಾಜ್ಯ ಆಯುಕ್ತರು, ಅಂಗವಿಕಲ ವ್ಯಕ್ತಿಗಳ ಅಧಿನಿಯಮ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ, ಇವರ ಮುಖಾಂತರ)

ವಿಷಯ: ಪದವಿ ಮತ್ತು ಸ್ನಾತಕೋತ್ತರ ವ್ಯಾಸಂಗದಲ್ಲಿ ಓದುವ ಸಾಮಗ್ರಿ, ಪರೀಕ್ಷಾ ನೆರವು, ಕಟ್ಟಡ ಹಾಗೂ ಸಂಚಾರ ಸೌಲಭ್ಯ ಒದಗಿಸುವ ಕುರಿತು.

ಮಾನ್ಯರೇ,

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಾಗ, 1995ರ ಕಾಯ್ದೆಯಲ್ಲಿದ್ದ ಶೇ 3ರ ಸೀಟು ಮೀಸಲಾತಿಯು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಏರಿತು, ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ದೊರೆಯಿತು, ಕಾನೂನು ಗುರುತಿಸುವ ವೈಕಲ್ಯಗಳು 7ರಿಂದ 21ಕ್ಕೆ ಹೆಚ್ಚಿದವು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರೆಂದು ಪ್ರಮಾಣಪತ್ರ ಪಡೆದವರಿಗೆ ಈ ಸೀಟುಗಳು ಸಲ್ಲುತ್ತವೆ. ಸೀಟು ಭರ್ತಿಯಾದ ಲೆಕ್ಕವನ್ನು ವರದಿಯಲ್ಲಿ ತೋರಿಸುವುದು ಸುಲಭ. ಆ ಸೀಟಿನಲ್ಲಿ ಕುಳಿತವರು ಪಠ್ಯ ಓದಲು ಶಕ್ತರಾದರೋ, ನಡುವೆಯೇ ಕಾಲೇಜು ಬಿಟ್ಟರೋ ಎಂದು ಕೇಳುವವರು ವಿರಳ. ಅದೇ ಅಧಿನಿಯಮವು ಉಚಿತ ಶಿಕ್ಷಣವನ್ನೂ, ಪುಸ್ತಕ ಮತ್ತು ಸಾಧನ ಸಲಕರಣೆಗಳನ್ನೂ 18 ವರ್ಷದವರೆಗೆ ಮಾತ್ರ ಖಾತರಿಪಡಿಸುವುದರಿಂದ, ವಿದ್ಯಾರ್ಥಿಯು ಪದವಿ ತರಗತಿಗೆ ಕಾಲಿಡುವ ವಯಸ್ಸಿಗೇ ಆ ಖಾತರಿ ಮುಗಿದುಹೋಗುತ್ತದೆ. ಮನವಿದಾರರ ಬೇಡಿಕೆಗಳು ಈ ಹಂತದಿಂದ ಮುಂದಿನವು.

ಮೊದಲನೆಯದು ಕನ್ನಡದ ಓದಿಗೆ ಸಂಬಂಧಿಸಿದ್ದು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ರಾಜ್ಯದ ವಿಕಲಚೇತನರ ಇಲಾಖೆಯು ಟಾಕಿಂಗ್ ಲ್ಯಾಪ್‌ಟಾಪ್ ನೀಡುವ ಯೋಜನೆ ಹೊಂದಿದೆ. ಎನ್‌ವಿಡಿಎಯಂತಹ ಸ್ಕ್ರೀನ್ ರೀಡರ್, ಅಂದರೆ ಪರದೆಯ ಬರಹವನ್ನು ಧ್ವನಿಯಾಗಿಸುವ ತಂತ್ರಾಂಶ, ಉಚಿತವಾಗಿಯೇ ದೊರೆಯುತ್ತದೆ ಮತ್ತು ಕನ್ನಡವನ್ನೂ ಓದುತ್ತದೆ. ಆದರೆ ಅದು ಕನ್ನಡವೆಂದು ಗುರುತಿಸುವುದು ಯುನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ನೀಡುವ ವ್ಯವಸ್ಥೆಯ, ಅಕ್ಷರಗಳನ್ನು ಮಾತ್ರ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿರುವುದರಿಂದ, ಕಣ್ಣಿಗೆ ಶುದ್ಧ ಕನ್ನಡವಾಗಿ ಕಾಣುವ ಟಿಪ್ಪಣಿಯು ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಹೊರಬರುತ್ತದೆ. ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳುಹಿಸಿದ ಪಿಡಿಎಫ್ ಆದರೆ ಯಂತ್ರವು ಬಾಯಿಯನ್ನೇ ತೆರೆಯುವುದಿಲ್ಲ. ಹೀಗೆ ಲ್ಯಾಪ್‌ಟಾಪ್ ಕೈಯಲ್ಲಿದ್ದೂ ಹಳಗನ್ನಡ ಪಠ್ಯಕ್ಕೋ ಇತಿಹಾಸದ ನೋಟ್ಸಿಗೋ ಸಹಪಾಠಿಯ ಬಿಡುವನ್ನು ಕಾಯಬೇಕಾಗುತ್ತದೆ. ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲಿಲ್ಲ: ಪುಸ್ತಕಗಳನ್ನು ಅಂಗವಿಕಲರು ಓದಬಲ್ಲ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕಲ್ಪಿಸಿದೆ. ಆದ್ದರಿಂದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಎಲ್ಲ ಕಾಲೇಜುಗಳು ಪಠ್ಯ, ಟಿಪ್ಪಣಿ, ಪ್ರಶ್ನೆಕೋಶ ಮತ್ತು ಸುತ್ತೋಲೆಗಳನ್ನು ಯುನಿಕೋಡ್‌ನಲ್ಲಿಯೇ ನೀಡಬೇಕೆಂದು, ಸೆಮಿಸ್ಟರ್ ಆರಂಭವಾದ 15 ದಿನಗಳೊಳಗೆ ಅವು ವಿದ್ಯಾರ್ಥಿಯ ಕೈಸೇರಬೇಕೆಂದು ಆಯುಕ್ತರು ಆದೇಶಿಸಬೇಕು.

ಎರಡನೆಯದು ಪರೀಕ್ಷೆ. ವಿದ್ಯಾರ್ಥಿಯು ಹೇಳಿದ ಉತ್ತರವನ್ನು ಬರೆದುಕೊಡುವ ಸ್ಕ್ರೈಬ್, ಎಂದರೆ ಲಿಪಿಕಾರ, ಮತ್ತು ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರ ಸಮಯ ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಮಾರ್ಗಸೂಚಿಯಲ್ಲಿಯೇ ಇವೆ. ಶೇ 40ಕ್ಕಿಂತ ಕಡಿಮೆ ವೈಕಲ್ಯ ಇದೆಯೆಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ತೊಡಕಿರುವುದು ಆಚರಣೆಯಲ್ಲಿ. 2018ರ ಆ ಮಾರ್ಗಸೂಚಿಯ ಪ್ರಕಾರ, ವಿದ್ಯಾರ್ಥಿಯೇ ಕರೆತರುವ ಲಿಪಿಕಾರರು ವಿದ್ಯಾರ್ಥಿಗಿಂತ ಒಂದು ಹಂತ ಕೆಳಗಿನ ವಿದ್ಯಾರ್ಹತೆಯವರಾಗಿರಬೇಕು. ಹೊಸದುರ್ಗದಂತಹ ಊರಿನಲ್ಲಿ ಅಂಥವರು ಸಿಕ್ಕರೂ ಅವರಿಗೆ ಅವರದೇ ತರಗತಿ, ಅವರದೇ ಪರೀಕ್ಷೆ. ವೇಳಾಪಟ್ಟಿ ಎರಡು ದಿನ ಮುಂದೆ ಹೋದರೆ ಮಾಡಿಕೊಂಡ ಏರ್ಪಾಡೆಲ್ಲ ಕುಸಿಯುತ್ತದೆ. ವೈಕಲ್ಯವು ಶಾಶ್ವತವೆಂದು ವೈದ್ಯಕೀಯ ಮಂಡಳಿ ಬರೆದುಕೊಟ್ಟ ಮೇಲೂ ಪ್ರತಿ ಸೆಮಿಸ್ಟರಿಗೆ ಲಿಪಿಕಾರರ ಅನುಮತಿಗಾಗಿ ಹೊಸ ಅರ್ಜಿ ಬೇಡುವುದರಲ್ಲಿ ಯಾವ ತರ್ಕವಿದೆಯೆಂದು ಮನವಿದಾರರಿಗೆ ತಿಳಿಯದು. ಪ್ರವೇಶದ ದಿನವೇ ಒಮ್ಮೆ ನೀಡುವ ಅನುಮತಿ ಆರೂ ಸೆಮಿಸ್ಟರ್‌ಗಳಿಗೆ ಊರ್ಜಿತವಾಗಿರಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಗೌರವಧನವುಳ್ಳ ಲಿಪಿಕಾರರ ಪಟ್ಟಿಯಿರಬೇಕು. ಇದಕ್ಕಾಗಿ ಯಾರೂ ತೋಳಹುಣಸೆಯಲ್ಲಿರುವ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣದವರೆಗೆ ಅಲೆಯುವಂತಾಗಬಾರದು.

ಕಟ್ಟಡಗಳ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ನಿಯಮಗಳು ಪ್ರಕಟವಾದ 2017ರ ಜೂನ್‌ನಿಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಸುಗಮ್ಯವಾಗಬೇಕಿತ್ತು. ಆ ಗಡುವು 2022ರಲ್ಲಿಯೇ ಕಳೆದಿದೆ. ಒಂದಕ್ಕೆ ಹನ್ನೆರಡರ ಇಳಿಜಾರಿನ ರ‍್ಯಾಂಪ್ ಮತ್ತು ಲಿಫ್ಟ್‌ಗೆ ಅನುದಾನ ಬೇಕು ನಿಜ, ಆದರೆ ಗಾಲಿಕುರ್ಚಿಯ ವಿದ್ಯಾರ್ಥಿ ಇರುವ ತರಗತಿಯನ್ನು ನೆಲಮಹಡಿಗೆ ಇಳಿಸಲು ಟೆಂಡರ್ ಬೇಕಿಲ್ಲ, ವೇಳಾಪಟ್ಟಿ ಬದಲಾದರೆ ಸಾಕು.

ಸಂಚಾರವು ಈ ಜಿಲ್ಲೆಯಲ್ಲಿ ಬೇರೆಯದೇ ಬಗೆಯ ಸಮಸ್ಯೆ. ಅಂಗವಿಕಲರ ರಿಯಾಯಿತಿ ಪಾಸು ಸರ್ಕಾರಿ ಬಸ್ಸಿಗಷ್ಟೇ ಅನ್ವಯಿಸುತ್ತದೆ, ಹಳ್ಳಿ ಮಾರ್ಗಗಳಲ್ಲಿಯೋ ಖಾಸಗಿ ಬಸ್ಸುಗಳದೇ ಮೇಲುಗೈ. ಹೀಗಾಗಿ ಪಾಸು ಜೇಬಿನಲ್ಲಿದ್ದೂ ಪೂರ್ಣ ದರ ತೆರಬೇಕಾಗುತ್ತದೆ. ಕಾಲೇಜಿನ ಸಮಯಕ್ಕೆ ಹೊಂದುವ ಸಾರಿಗೆ ನಿಗಮದ ಬಸ್ಸುಗಳನ್ನು, ಗುಡ್ಡದ ರಂಗವ್ವನಹಳ್ಳಿಯ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರದ ಬಳಿ ನಿಲುಗಡೆಯನ್ನು, ಹಾಗೂ ಸರ್ಕಾರಿ ವಿದ್ಯಾರ್ಥಿನಿಲಯಗಳ ನೆಲಮಹಡಿಯ ಕೊಠಡಿಗಳನ್ನು ಖಚಿತಪಡಿಸಬೇಕು.

ಶ್ರವಣದೋಷವುಳ್ಳವರಿಗೆ ಸಂಜ್ಞಾಭಾಷಾ ದುಭಾಷಿಗಳು, ಕಲಿಕಾ ನ್ಯೂನತೆಯುಳ್ಳವರಿಗೆ ಹೆಚ್ಚುವರಿ ಸಮಯ ಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಇವು ಹೊರನೋಟಕ್ಕೆ ಕಾಣದ ವೈಕಲ್ಯಗಳಾದ್ದರಿಂದ ಮರೆತುಹೋಗಬಾರದೆಂಬುದಷ್ಟೇ ಕೋರಿಕೆ.

ಅಧಿನಿಯಮದ 82ನೆಯ ಕಲಮಿನಂತೆ, ಸಾಕ್ಷಿಗಳನ್ನು ಕರೆಸುವ ಮತ್ತು ದಾಖಲೆ ತರಿಸಿಕೊಳ್ಳುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಮುಂದಿನ ಪರೀಕ್ಷಾ ವೇಳಾಪಟ್ಟಿ ಪ್ರಕಟವಾಗುವ ಮೊದಲು ಚಿತ್ರದುರ್ಗದಲ್ಲಿಯೇ, ನೆಲಮಹಡಿಯ ಸಭಾಂಗಣದಲ್ಲಿ, ಸಂಜ್ಞಾಭಾಷಾ ದುಭಾಷಿಯ ಸಮ್ಮುಖದಲ್ಲಿ ವಿಚಾರಣೆ ನಡೆಸಬೇಕೆಂದು ಕೋರಲಾಗಿದೆ. ಈ ಮನವಿಯ ಯುನಿಕೋಡ್ ಪ್ರತಿಯನ್ನೂ ಲಗತ್ತಿಸಲಾಗಿದ್ದು, ಉತ್ತರವೂ ಅದೇ ರೂಪದಲ್ಲಿ ಬಂದರೆ ದೃಷ್ಟಿದೋಷವುಳ್ಳ ಸಹಿದಾರರು ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳದೆ ತಾವೇ ಓದಿಕೊಳ್ಳುವರು.

ಚಿತ್ರದುರ್ಗ ಜಿಲ್ಲೆಯ ವಿಕಲಚೇತನ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರು