ಬಣ್ಣ ನಂಬಿ ಕೆಡದಿರೋಣ



ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ಭೀಮಾ ತೀರದ ಮಣ್ಣೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಪಂಪು ಬೆನ್ನಿಗೇರುತ್ತದೆ. ನಮ್ಮ ಜನ ಈ ಕೆಲಸವನ್ನು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಒಗ್ಗರಣೆಗೆ ಹಾಕುವುದೂ ಎಣ್ಣೆ, ಹುಳುವನ್ನು ಕೊಲ್ಲುವುದೂ ಎಣ್ಣೆ! ವಿಷಕ್ಕೆ ಅಡುಗೆಮನೆಯ ಹೆಸರಿಟ್ಟ ಮೇಲೆ ಅದರ ಭಯ ಉಳಿಯುವುದಾದರೂ ಹೇಗೆ?

ಡಬ್ಬಿಯ ಮೇಲೆ ಸರಕಾರವೇ ಎಚ್ಚರಿಕೆಯ ಬಣ್ಣ ಹಾಕಿಸಿದೆಯಲ್ಲ ಎಂದು ನೀವು ಕೇಳಬಹುದು. ಆ ಬಣ್ಣದ ಅರ್ಥವನ್ನೇ ಪರಿಶೀಲಿಸೋಣ. ಪ್ರಯೋಗಕ್ಕೆ ಒಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ವಿಷ ಬೇಕೆಂಬುದೇ ಇದರ ಅಳತೆ. ಬಾಯಿಯ ಮೂಲಕ ಹೋದಾಗ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಹೆಚ್ಚು ಬೇಕಾದರೆ ಹಸಿರು. ಅಂದರೆ ಬಣ್ಣ ಹೇಳುವುದು ತತ್‌ಕ್ಷಣದ ಸಾವಿನ ಮಾತನ್ನು ಮಾತ್ರ. ವರುಷಗಟ್ಟಲೆ ಹನಿಹನಿಯಾಗಿ ಮೈಸೇರುವ ವಿಷ ನರಗಳಿಗೆ, ಗರ್ಭದ ಕೂಸಿಗೆ ಏನು ಮಾಡೀತೆಂಬುದನ್ನು ಅದು ಹೇಳುವುದಿಲ್ಲ. ನೋಂದಣಿಯ ವೇಳೆ ದೀರ್ಘಕಾಲದ ಪರಿಣಾಮಗಳ ವಿವರ ಕೇಳುತ್ತಾರೆ, ನಿಜ. ಆದರೆ ಆ ತಿಳಿವಳಿಕೆ ಬಣ್ಣವಾಗಿ ರೈತನ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೊಂದು ಹಿನ್ನೆಲೆಯುಂಟು. 1958ರಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತರುವಾಯವೇ 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳು ಬಂದವು. ಹಠಾತ್ ಸಾವಿನಿಂದ ಹುಟ್ಟಿದ ವ್ಯವಸ್ಥೆ ಹಠಾತ್ ಸಾವನ್ನೇ ಅಳೆಯುತ್ತಾ ಕುಳಿತಿತು.

ನಿಧಾನದ ಹಾನಿಗೆ ಸಾಕ್ಷಿ ಬೇಕೇ? ಕಾಸರಗೋಡಿನ ಕಡೆ ನೋಡಿರಿ. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ‘ಸಾಧಾರಣ ಅಪಾಯ’ದ ವರ್ಗದ್ದು! ಆ ‘ಸಾಧಾರಣ’ ವಿಷದ ತರುವಾಯ ಎಣ್ಮಕಜೆಯಂಥ ಊರುಗಳಲ್ಲಿಯೂ ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಮನೆಗಳು ಅಂಗವಿಕಲ ಮಕ್ಕಳ ಆರೈಕೆಯಲ್ಲಿ ಬಸವಳಿದವು. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿದ್ದು 2017ರಲ್ಲಿ. ಕೂಸಿನ ಬಾಳು ಬಾಡಿದ ಮೇಲೆ ಬಂದ ಹಣ ಯಾವ ಗಾಯಕ್ಕೆ ಮದ್ದು?

ಎಣ್ಣೆ ಹೊಡೆಯದಿದ್ದರೆ ಕಾಯಿಕೊರಕ ಬೆಳೆ ತಿಂದೀತೆಂಬ ರೈತನ ಅಳಲು ಸುಳ್ಳಲ್ಲ. ಹಾಗೆಂದು ಅವನ ಹೊಲದ ಕೂಲಿಯಾಳು ಬರಿಗೈಯಲ್ಲಿ ವಿಷ ಕಲಸಬೇಕೇ? ಸಿಂಪಡಿಸುವವನಿಗೆ ರಕ್ಷಣೆಯ ಉಡುಪು ಇರಬೇಕೆಂದು 1971ರ ನಿಯಮಗಳೇ ಹೇಳಿವೆ. ಕೈಗವಸು, ಮುಖಗವಸು ಕೊಡದೆ ಕೂಲಿ ಮಾತ್ರ ಎಣಿಸಿಕೊಡುವುದು ನ್ಯಾಯವಲ್ಲ. ಅದು ಬಡವನ ಆಯುಷ್ಯವನ್ನು ಅಗ್ಗಕ್ಕೆ ಕೊಳ್ಳುವ ವ್ಯಾಪಾರ. ಗಿಡ ಅಲ್ಲಾಡಿಸಿ ಹುಳು ಉದುರಿಸುವ, ಬೇವಿನ ಬೀಜದ ಕಷಾಯ ಹೊಡೆಯುವ ದಾರಿಗಳನ್ನು ಮೊದಲು ನೋಡಿ, ವಿಷವನ್ನು ಕೊನೆಗೆ ಮುಟ್ಟಬೇಕು.

ನಿಧಾನದ ಹಾನಿಯನ್ನೂ ಡಬ್ಬಿಯ ಮೇಲೆ ಎದ್ದು ಕಾಣುವ ಗುರುತಿನಲ್ಲಿ, ತಿಳಿಯಾದ ಕನ್ನಡದಲ್ಲಿ ತೋರಿಸಬೇಕೆಂದು ಸರಕಾರವನ್ನು ಒತ್ತಾಯಿಸೋಣ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಾದರೂ ಕಟ್ಟುಪಾಡಿರಲಿ: ಬಸುರಿಯರೂ ಮಕ್ಕಳೂ ಸಿಂಪಡಣೆಯ ಹೊಲಕ್ಕೆ ಹೋಗಕೂಡದು, ಖಾಲಿ ಡಬ್ಬಿಯಲ್ಲಿ ನೀರು ತುಂಬಕೂಡದು, ಹಸಿರು ಬಣ್ಣವೆಂದು ಮೈಮರೆಯಕೂಡದು. ಎಲ್ಲಕ್ಕಿಂತ ಮೊದಲು, ವಿಷವನ್ನು ಎಣ್ಣೆ ಎನ್ನದೆ ವಿಷವೆಂದೇ ಕರೆಯೋಣ.