ಮೇಲ್ಮನವಿ ಹಾಕಿ ಸುಮ್ಮನೆ ಕೂರಬೇಡಿ, ಶೀಘ್ರ ವಿಚಾರಣೆ ಕೇಳಿ ಪಡೆಯಿರಿ!

ಕೆ.ಬಿ. ಬಡಾವಣೆಯ ಬಂಧುಗಳೇ,

ಪಾಲು ವಿಭಾಗ, ನಿವೇಶನದ ತಕರಾರು, ಅಪಘಾತ ಪರಿಹಾರ, ಜೀವನಾಂಶ: ಕೆಳಗಿನ ಕೋರ್ಟಿನಲ್ಲಿ ತೀರ್ಪಾದರೂ ಈ ಕೇಸುಗಳು ಮುಗಿಯುವುದಿಲ್ಲ. ಸೋತವರು ಮೇಲ್ಮನವಿ ಹಾಕಿ ಕಾಯುತ್ತಾರೆ. ತಡೆಯಾಜ್ಞೆ ಬಂದರೆ ಗೆದ್ದವರೂ ಕಾಯಬೇಕು. ಕಾಯುತ್ತಲೇ ಹಿರಿಯರು ಕಣ್ಮುಚ್ಚುತ್ತಾರೆ, ಮಕ್ಕಳು ಸಾಲಗಾರರಾಗುತ್ತಾರೆ.

2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟ್ ಪೀಠ ಬಂತು. ಹರಿಹರದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರಿನವರು ಧಾರವಾಡಕ್ಕೆ ಹೋಗುತ್ತಾರೆ. ದಾವಣಗೆರೆ ಜಿಲ್ಲೆಯವರಾದ ನಮಗೆ ಇಂದಿಗೂ ಬೆಂಗಳೂರೇ ಗತಿ, ಸುಮಾರು 260 ಕಿಲೋಮೀಟರ್ ದೂರ. ಹೋದ ದಿನ ಕೇಸು ಕೂಗದಿದ್ದರೆ ಬಸ್ ಚಾರ್ಜೂ ಹೋಯಿತು, ಆ ದಿನದ ದುಡಿಮೆಯೂ ಹೋಯಿತು.

ಬೇಗ ವಿಚಾರಣೆ ಮಾಡಿ ಎಂದು ಕೇಳುವುದು ಯಾರ ಕಾಲಿಗೂ ಬೀಳುವ ಮಾತಲ್ಲ. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯಲ್ಲೇ ಅಡಗಿರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1979ರಲ್ಲಿ, ಬಿಹಾರದ ವಿಚಾರಣಾಧೀನ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಹೇಳಿತು. ಸಿವಿಲ್ ಮೇಲ್ಮನವಿಯ ಮೊದಲ ಹಂತದ ವಿಚಾರಣೆಯನ್ನು 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ.

ಇಂದೇ ಮಾಡಬೇಕಾದ್ದು:

1. ನಿಮ್ಮ ಕೇಸಿನ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ನಂಬರನ್ನು ವಕೀಲರಿಂದ ಬರೆಸಿಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸು ಯಾವ ಹಂತದಲ್ಲಿದೆ ಎಂದು ನೀವೇ ನೋಡಿ.

2. ಶೀಘ್ರ ವಿಚಾರಣೆಗೆ ಅರ್ಜಿ ಹಾಕಲು ವಕೀಲರಿಗೆ ಹೇಳಿ. ವಯಸ್ಸು, ಕಾಯಿಲೆ, ಮನೆ ಕಳೆದುಕೊಳ್ಳುವ ಭಯ, ಏನೇ ಕಾರಣವಿದ್ದರೂ ಪ್ರಮಾಣಪತ್ರದಲ್ಲಿ ಬರೆಸಿ, ದಾಖಲೆ ಜೋಡಿಸಿ. ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಆದರೆ ಕೇಳದಿದ್ದರೆ ನಿಮ್ಮ ಕಷ್ಟ ಅವರಿಗೆ ತಿಳಿಯುವುದಾದರೂ ಹೇಗೆ?

3. ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಕೇಳಬಹುದು. ಆದಾಯ ಕಡಿಮೆ ಇರುವ ಇತರರಿಗೂ ಈ ಸೌಲಭ್ಯವಿದೆ. ಸಹಾಯವಾಣಿ: 15100.

4. ಕಕ್ಷಿದಾರರು ತೀರಿಕೊಂಡಿದ್ದರೆ 90 ದಿನಗಳೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಿ. ತಡವಾದರೆ ಮೇಲ್ಮನವಿಯೇ ಬಿದ್ದುಹೋಗಬಹುದು.

5. ರಾಜಿಗೆ ದಾರಿಯಿದ್ದರೆ ಲೋಕ ಅದಾಲತ್‌ಗೆ ಹೋಗಿ. ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅದರ ಮೇಲೆ ಮತ್ತೆ ಮೇಲ್ಮನವಿ ಇರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಬಡಾವಣೆಯಲ್ಲಿ ಒಟ್ಟಾಗಿ ಕೂರೋಣ. ತೀರ್ಪಿನ ನಕಲು, ಕೇಸಿನ ನಂಬರು ತನ್ನಿ. ಓದು ಬಾರದವರಿಗೆ ಓದಿ ಹೇಳೋಣ, ಅರ್ಜಿಯ ಕಾರಣಗಳನ್ನು ಬರೆದು ಕೊಡೋಣ. ವಕೀಲ ಮಿತ್ರರೇ, ಒಂದೆರಡು ಗಂಟೆ ನಮಗಾಗಿ ಬಿಡುವು ಮಾಡಿಕೊಳ್ಳಿ. ವೃದ್ಧರ ಹಳೆಯ ಮೇಲ್ಮನವಿಗಳನ್ನು ಮೊದಲು ಕೈಗೆತ್ತಿಕೊಳ್ಳಿ ಎಂಬ ಮನವಿಗೆ ಎಲ್ಲರೂ ಸಹಿ ಹಾಕಿ ಹೈಕೋರ್ಟಿಗೆ ಕಳುಹಿಸೋಣ.

ಪಕ್ಕದ ಮನೆಯವರನ್ನೂ ಕರೆತನ್ನಿ!

— ಕೆ.ಬಿ. ಬಡಾವಣೆಯ ನಾಗರಿಕರು, ದಾವಣಗೆರೆ