ಕೋಚಿಂಗ್‌ಗೆಂದು ಹಾಲು ಕೊಡುವ ಹಸು ಮಾರಬೇಡಿ

ಲಸಿಕೆ ಹಾಕಲು ಹಳ್ಳಿಗೆ ಬಂದಾಗ ಈಚೆಗೆ ಕೆಲವು ತಾಯಂದಿರು ಕೇಳುತ್ತಾರೆ: "ಡಾಕ್ಟ್ರೇ, ಮಗಳು ಕ್ಯಾಟ್ ಪರೀಕ್ಷೆ ಬರೀತಾಳಂತೆ. ಕೋಚಿಂಗ್‌ಗೆ ಒಂದು ಹಸು ಕೊಟ್ಟುಬಿಡ್ಲಾ?" ಬೇಡ ಎಂಬುದೇ ನನ್ನ ಅಭಿಪ್ರಾಯ. ಕರೆಯುವ ಹಸು ಹೋದರೆ ಬಟವಾಡೆ ನಿಲ್ಲುತ್ತದೆ. ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ.

ಬೆಂಗಳೂರಿನ ಐಐಎಂನಂಥ ಕಡೆ ಎಂಬಿಎ ಓದಲು ಬರೆಯುವ ಪರೀಕ್ಷೆ ಇದು. ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಲೆಕ್ಕದ ಬುಡ ಹೈಸ್ಕೂಲಿನದೇ: ಶೇಕಡಾ, ಸರಾಸರಿ, ಅನುಪಾತ. ಬೆಳಿಗ್ಗೆ 6 ಲೀಟರಿಗೆ ಫ್ಯಾಟ್ 4, ಸಂಜೆ 4 ಲೀಟರಿಗೆ 4.5, ದಿನದ ಸರಾಸರಿ ಎಷ್ಟು? 4.2 ಎನ್ನುವ ಹುಡುಗಿಗೆ ಆ ಜಾತಿಯ ಲೆಕ್ಕ ಹೊಸದಲ್ಲ. ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇಂಗ್ಲಿಷ್. ಅದಕ್ಕೆ ದಿನವೂ ಇಂಗ್ಲಿಷ್ ಪತ್ರಿಕೆ ಓದಬೇಕು, ತಿಂಗಳುಗಟ್ಟಲೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಉತ್ತರ ಆರಿಸುವ ಪ್ರಶ್ನೆಗಳಲ್ಲಿ ಸರಿಯಾದರೆ 3 ಅಂಕ, ತಪ್ಪಾದರೆ 1 ಕಡಿತ. ಕಣ್ಣುಮುಚ್ಚಿ ಗುರುತು ಹಾಕಿದರೆ ನಷ್ಟ.

ಇಷ್ಟಕ್ಕೆ ಬೇಕಾದದ್ದು ದಿನಕ್ಕೆ ಎರಡು ಗಂಟೆ, ಯಾರೂ ಕೂಗದ ಹೊತ್ತು. ಮಗ ಓದಲು ಕೂತರೆ ಟಿವಿ ಸದ್ದು ತಗ್ಗಿಸುತ್ತೇವೆ, ಮಗಳು ಕೂತರೆ ಸಗಣಿ ಬಾಚಲು ಕರೆಯುತ್ತೇವೆ. (ಅಕ್ಕಂದಿರೇ, ಬೇಜಾರಾಗಬೇಡಿ, ಮನೆಮನೆಯಲ್ಲೂ ನೋಡಿದ್ದೇನೆ.) ಸಂಜೆ ಹಾಲು ಕರೆಯಲು ಅವಳ ಅಣ್ಣನೂ ಕೂರಲಿ.

ಇನ್ನೊಂದು ಮಾತು. ಕುರಿಯನ್ನರು ಆನಂದದಲ್ಲಿ 1979ರಲ್ಲಿ ಕಟ್ಟಿದ ಇರ್ಮಾ, ಸಹಕಾರ ಸಂಸ್ಥೆಗಳಿಗೆಂದೇ ಮ್ಯಾನೇಜರುಗಳನ್ನು ತಯಾರು ಮಾಡಲು ಹುಟ್ಟಿದ್ದು. ಅಲ್ಲಿಗೂ ಕ್ಯಾಟ್ ಅಂಕದ ಮೇಲೆ ಮಕ್ಕಳನ್ನು ತೆಗೆದುಕೊಂಡಿದ್ದಾರೆ. ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರು, ಪರೀಕ್ಷೆ ನವೆಂಬರ್ ಕೊನೆಗೆ.